ನೀರಿನ ಹಿಡಿತ ಎಷ್ಟು ದೂರ? ಹಿಕ್ಕೆ ಎಣಿಸಿ ಅಳೆದ ನನ್ನ ಅನುಭವ

ಒಣ ಹುಲ್ಲುಗಾವಲಲ್ಲಿ ನೀರಿನ ಸುತ್ತ ಪ್ರಾಣಿಗಳ ಹಂಚಿಕೆ ತಿಳಿಯಬೇಕೆಂದರೆ ಹೊಂಡದ ದಡದಲ್ಲಿ ಕ್ಯಾಮೆರಾ ಟ್ರ್ಯಾಪ್, ಅಂದರೆ ಏನಾದರೂ ಅಲ್ಲಾಡಿದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ, ಕಟ್ಟುವುದು ರೂಢಿ. ಹಿಕ್ಕೆ, ಲದ್ದಿ ಎಣಿಸಿಯೇ ಅಳೆಯುತ್ತೇನೆ ಅಂದಾಗ ನಂಬಿದವರು ಕಡಿಮೆ. ಮೂರು ಬೇಸಿಗೆ ಮಾಡಿ ನೋಡಿದ್ದೇನೆ, ಲೆಕ್ಕ ನಿಂತಿದೆ.

ಮೊದಲು ನಾನೂ ಕ್ಯಾಮೆರಾವನ್ನೇ ಕಟ್ಟಿದ್ದೆ. ಆ ಬೇಸಿಗೆಯ ಹಣದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಕ್ಯಾಮೆರಾ, ಬ್ಯಾಟರಿಗೇ ಹೋಯಿತು. ಸಿಕ್ಕ ಚಿತ್ರಗಳಲ್ಲಿ ಬಹುಪಾಲು ಗಾಳಿಗೆ ಅಲ್ಲಾಡಿದ ಹುಲ್ಲು. ಅದಕ್ಕಿಂತ ದೊಡ್ಡ ದೋಷ, ಹೊಂಡದ ಕ್ಯಾಮೆರಾ ಕುಡಿಯಲು ಬಂದವನ್ನಷ್ಟೇ ತೋರಿಸುತ್ತದೆ. ಗೆಮ್ಸ್‌ಬಾಕ್ ಎಂಬ ಆಫ್ರಿಕಾದ ಹುಲ್ಲೆ, ಭಾರತದ ಚಿಂಕಾರದಂಥವು ಮೇವಿನ ತೇವದಲ್ಲೇ ಬಹಳ ದಿನ ತಳ್ಳುತ್ತವೆ. ಅವು ಇದ್ದೂ ಇಲ್ಲದಂತೆ.

ಈಗ ಮಾಡುವುದು ಹೀಗೆ. ಹೊಂಡದಿಂದ ನಾಲ್ಕು ದಿಕ್ಕಿಗೆ ಗೆರೆ, ಗೆರೆಯ ಮೇಲೆ 125, 250, 500 ಮೀಟರ್, ಆಮೇಲೆ 1, 2, 4, 8 ಕಿಲೋಮೀಟರಿಗೆ ಒಂದೊಂದು ಪಟ್ಟಿ. ಪಟ್ಟಿ 50 ಮೀಟರ್ ಉದ್ದ, 4 ಮೀಟರ್ ಅಗಲ. ಮೊದಲ ದಿನ ಗುಡಿಸಿ ಚೊಕ್ಕ ಮಾಡಿ, 21ನೇ ದಿನ ಹೋಗಿ ಎಣಿಸುವುದು. 

ಪಟ್ಟಿಯನ್ನು ಗೆರೆಯ ಉದ್ದಕ್ಕೆ ಹಾಕಿ ಒಂದು ಸುತ್ತು ಪೂರ್ತಿ ಕೆಡಿಸಿಕೊಂಡೆ. ಜಾಡುಗಳೆಲ್ಲ ಗಾಡಿಚಕ್ರದ ಅರಗಳ ಹಾಗೆ ನೀರಿನ ಕಡೆಗೇ ಕೂಡುತ್ತವೆ. ಉದ್ದಕ್ಕೆ ಹಾಕಿದ ಪಟ್ಟಿ ಒಂದೋ ಜಾಡಿನ ಮೇಲೇ ಬೀಳುತ್ತದೆ, ಇಲ್ಲವೇ ಎರಡು ಜಾಡಿನ ನಡುವೆ ಖಾಲಿ ಉಳಿಯುತ್ತದೆ. ಗೆರೆಗೆ ಅಡ್ಡಲಾಗಿ ಹಾಕಿ, ಜಾಡುಗಳನ್ನು ಕತ್ತರಿಸಿಕೊಂಡು ಹೋಗಬೇಕು. ಒಂದೇ ಜಾಗಕ್ಕೆ ಬಂದು ರಾಶಿ ಹಾಕುವ ಚಿಂಕಾರ, ಕೃಷ್ಣಮೃಗಗಳ ಹಿಕ್ಕೆಯನ್ನು ಬಿಡಿ ಹಿಕ್ಕೆಯ ಜತೆ ಕೂಡಿಸಬೇಡಿ, ಬೇರೆ ಕಾಲಂ ಇರಲಿ.

ಎರಡನೇ ಪೆಟ್ಟು ದೂರದ್ದು. 4 ಕಿಲೋಮೀಟರಿನ ಪಟ್ಟಿಯಲ್ಲಿ ಲದ್ದಿ ಏಕಾಏಕಿ ಏರಿತ್ತು. ಹುಡುಕಿದರೆ ಪಕ್ಕದಲ್ಲೇ ನೀರಿನ ಕೊಳವೆಯ ಸೋರುವ ವಾಲ್ವಿನ ಗುಂಡಿ, ಮೊಣಕಾಲುದ್ದವೂ ಇಲ್ಲದ ನೀರು, ಸುತ್ತ ಕೆಸರು ತುಂಬ ಗೊರಸಿನ ಗುರುತು. ದೂರ ಅಳೆಯಬೇಕಾದ್ದು ಹೊರಟ ಹೊಂಡದಿಂದಲ್ಲ, ಅತಿ ಹತ್ತಿರದ ನೀರಿನಿಂದ. ಮೊದಲು ಎಲ್ಲ ನೀರನ್ನೂ ಜಿಪಿಎಸ್‌ನಲ್ಲಿ ಗುರುತಿಸಿ, ಆಮೇಲೆ ಗೆರೆ.

ಮೂರನೆಯದು ತುಳಿತ. ನೀರಿನ ಹತ್ತಿರ ಬಿದ್ದದ್ದು ಬೇಗ ಪುಡಿಯಾಗುತ್ತದೆ, ಹಾಗಾಗಿ ಅಲ್ಲಿ ಎಣಿಕೆ ಕಡಿಮೆ ಬರುತ್ತದೆ. ಹತ್ತಿರ ಹತ್ತು, ದೂರ ಹತ್ತು ಹಸಿ ಹಿಕ್ಕೆಯ ಗುಂಪಿಗೆ ಗುರುತು ಹಾಕಿ ವಾರವಾರ ನೋಡಿ. 21 ದಿನದಲ್ಲಿ ಸರಾಸರಿ ಅರ್ಧ ಉಳಿದಿದ್ದರೆ ಆ ಪಟ್ಟಿಯ ಎಣಿಕೆಯನ್ನು ಇಮ್ಮಡಿ ಮಾಡಿ. ಗೆದ್ದಲು ಮತ್ತು ಸಗಣಿ ಹುಳುವಿನ ನಷ್ಟವೂ ಇದರಲ್ಲೇ ಬಂದುಹೋಗುತ್ತದೆ.

ಇಷ್ಟಾದ ಮೇಲೆ ಚಿತ್ರ ಸ್ಪಷ್ಟ. ಜೀಬ್ರಾ ಲದ್ದಿ, ಆಫ್ರಿಕಾದ ಕಾಡೆಮ್ಮೆಯ ಸಗಣಿ ನೀರಿನ ಸುತ್ತ ದಟ್ಟ, ದೂರ ಹೋದಂತೆ ತೆಳು. ಗೆಮ್ಸ್‌ಬಾಕ್ ಹಿಕ್ಕೆ ಎಲ್ಲ ಪಟ್ಟಿಯಲ್ಲೂ ಹೆಚ್ಚುಕಡಿಮೆ ಸಮ. ಮೊದಲ ಅರ್ಧ ಕಿಲೋಮೀಟರು ಬರಿ ಧೂಳು, ಮೇವೇ ಇಲ್ಲ.

ಹುಮ್ಮಸ್ಸಿಗೆ ಒಂದು ತೊಟ್ಟಿಯನ್ನು ಎರಡು ವಾರ ಮುಚ್ಚಿಯೂ ನೋಡಿದೆ. 3 ಕಿಲೋಮೀಟರಿನಲ್ಲಿ ಬೇರೆ ನೀರಿತ್ತು, ಮರಿ ಹಾಕುವ ಕಾಲವೂ ಅಲ್ಲ. ಇವೆರಡೂ ಖಾತ್ರಿಯಿಲ್ಲದೆ ಯಾರೂ ಮುಚ್ಚಬಾರದು. ಜೀಬ್ರಾ ಲದ್ದಿ ಮುಂದಿನ ಎಣಿಕೆಯಲ್ಲೇ ಇಳಿಯಿತು, ಗೆಮ್ಸ್‌ಬಾಕ್‌ನದು ಕದಲಲಿಲ್ಲ.

ತೊಟ್ಟಿ ಹೆಚ್ಚಾದಷ್ಟೂ ಒಳ್ಳೆಯದು ಎನ್ನುವವರಿಗೆ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನವನ್ನು ನೆನಪಿಸುತ್ತೇನೆ. ಅದರ ಉತ್ತರ ಭಾಗದಲ್ಲಿ ಕೃತಕ ನೀರಿನ ಹಿಂದೆ ಜೀಬ್ರಾ ಬಂತು, ಜೀಬ್ರಾದ ಹಿಂದೆ ಸಿಂಹ. ಸಿಂಹದ ಬೇಟೆ ಹೆಚ್ಚಿ, 1986ರಲ್ಲಿ ಸುಮಾರು 450 ಇದ್ದ ರೋನ್ ಆಂಟಿಲೋಪ್ ಎಂಬ ದೊಡ್ಡ ಹುಲ್ಲೆ 1993ರ ಹೊತ್ತಿಗೆ 45ರ ಆಸುಪಾಸಿಗೆ ಇಳಿದಿತ್ತು. ಆಮೇಲೆ ಅಲ್ಲಿ ಹಲವು ತೊಟ್ಟಿ ಮುಚ್ಚಿದರು.

ಹದ ಮಳೆ ಬಿದ್ದರೆ ಆ ಸುತ್ತನ್ನು ಕೈಬಿಡಿ. ಹಳ್ಳಕೊಳ್ಳದಲ್ಲೆಲ್ಲ ನೀರು ನಿಂತು ಪ್ರಾಣಿ ಚದುರುತ್ತದೆ, ಹಿಕ್ಕೆಯೂ ಕರಗುತ್ತದೆ. ನೆಲ ಒಣಗಿದ ಮೇಲೆ ಪಟ್ಟಿ ಮತ್ತೆ ಗುಡಿಸಿ, 21 ದಿನ ಹೊಸದಾಗಿ ಎಣಿಸಲು ಶುರು ಮಾಡಿ.