ಓದು ಹೆಂಗ ಕಲೀತಾರ ಅಂತ ತಿಳ್ಕೊಂಡ ಮ್ಯಾಲ ಕ್ಲಾಸ್‌ನಾಗ ಏನ್ ಬದಲ್ ಮಾಡ್ಬೇಕು

ಒಂದನೇ ಕ್ಲಾಸಿಗೇ ಕಾಗುಣಿತ ಒತ್ತಕ್ಷರ ಎಲ್ಲಾ ಮುಗೀಬೇಕು ಅಂತ ಭಾಳ ಮಂದಿ ಟೀಚರ್ ಹಟ ಹಿಡೀತಾರ, ಆದ್ರ ಮಕ್ಕಳು ಓದು ಹೆಂಗ ಕಲೀತಾರ ಅಂತ ಸಂಶೋಧನೆ ಮಾಡಿದ ಸೊನಾಲಿ ನಾಗ್ ಅವರ 2007ರ ಸ್ಟಡಿ ನೋಡ್ರಿ, ಕನ್ನಡ ಅಕ್ಷರ ಕಲಿಯೋದು ನಾಲ್ಕನೇ ಕ್ಲಾಸ್ ತನಕಾನೂ ಎಳೀತೈತಿ. ಇಷ್ಟು ಗೊತ್ತಾದ್ರ ತಡಾ ಕಲಿಯೋ ಮಕ್ಕಳಿಗೆ "ದಡ್ಡ" ಅನ್ನೋದು ತಾನ ಬಿಟ್ಟು ಹೋಗ್ತೈತಿ.

ಹುಡುಗ 'ಅಕ್ಕಿ'ಗೆ 'ಅಕಿ' ಅಂತ ಬರದ್ರ ಕೆಂಪ್ ಪೆನ್ನಿಲೆ ಗೀಟ್ ಹೊಡೀಬ್ಯಾಡ್ರಿ, ಒತ್ತು ಬಾಕಿ ಐತಿ ಅಂತ ಬರ್ಕೊಳ್ರಿ, ಚಪ್ಪಾಳಿ ಹೊಡ್ಸಿ ಅಕ್-ಕಿ ಅಂತ ಒಡದು ಹೇಳ್ಸ್ರಿ, ಆಮ್ಯಾಲ ಒತ್ತು ತೋರ್ಸ್ರಿ. ಕೊಪ್ಪಳದ ಬಸ್ ಬೋರ್ಡ್ ಓದ್ಸ್ರಿ (ಪುಕ್ಕಟೆ ಪುಸ್ತಕ ಅದು!), ಕುಷ್ಟಗಿಯೊಳಗ ಒತ್ತು, ಯಲಬುರ್ಗಾದಾಗ ಅರ್ಕಾವತ್ತು ಸಿಗ್ತಾವ. ಮನ್ಯಾಗ ತೆಲುಗು, ಉರ್ದು, ಲಂಬಾಣಿ ಆಡೋ ಮಕ್ಕಳಿಗೆ ಮೊದ್ಲು ಕನ್ನಡ ಮಾತು ಆಡ್ಸ್ರಿ, ಬರಿಯೋದು ಆಮ್ಯಾಲ.