ಮೂರು ವಾರ ಒಂದೇ ಬಲ್ಬು

ಹುಡುಗ ಹುಡುಗಿಯರಿಗೆ ನಾಟಕದ ಬೆಳಕು ಮಾಡುವುದನ್ನು ಕಲಿಸುತ್ತೇನೆ. ಕಳೆದ ಚಳಿಗಾಲದಲ್ಲಿ ಕಲಬುರಗಿಯ ಡಾ. ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ನಮ್ಮ ಹುಡುಗರು ಬೆಳಕು ಮಾಡಿದ ನಾಟಕ ಮುಗಿಯಿತು. ಎರಡು ವರ್ಷ ನನ್ನನ್ನು ಗೇಲಿ ಮಾಡಿದ್ದ ಹಿರಿಯ ನಿರ್ದೇಶಕರೊಬ್ಬರು ಬಂದು, "ಬೆಳಕಿನ ಬೋರ್ಡಿನ ಮುಂದೆ ಯಾರು ಕುಳಿತಿದ್ದರು?" ಎಂದರು. ಜೇವರ್ಗಿಯ ಹತ್ತೊಂಬತ್ತರ ಹುಡುಗಿಯನ್ನು ಮುಂದೆ ನಿಲ್ಲಿಸಿದೆ. ಆಗ ಅವರ ಮುಖ ನೋಡಿದ್ದರಲ್ಲೇ ನನ್ನ ಖರ್ಚೆಲ್ಲ ವಸೂಲಾಯಿತು.

ಮೊದಲ ತಂಡದಲ್ಲಿ ಹನ್ನೊಂದು ಜನ. ಸಾಲ ಮಾಡಿ ಹೈದರಾಬಾದಿನಿಂದ ಎಂಟು ಎಲ್‌ಇಡಿ ಪಾರ್ ಎಂಬ ಬಣ್ಣದ ರಂಗದೀಪ, ಅವನ್ನು ಗುಂಡಿ ಒತ್ತಿ ನಡೆಸುವ ಒಂದು ಡಿಎಂಎಕ್ಸ್ ಬೋರ್ಡ್ ತಂದಿದ್ದೆ. ಎಲ್ಲ ಸೇರಿ ಮೂವತ್ತೆಂಟು ಸಾವಿರವೋ ನಲವತ್ತೋ ಆಗಿತ್ತು. ಹುಡುಗರು ಬೋರ್ಡ್ ಬಿಟ್ಟು ಏಳುತ್ತಿರಲಿಲ್ಲ. ಆದರೆ ನಾಯಕಿ ಅಳುವಾಗ ಮುಖ ಹಸಿರು, ರಾಜ ಬಂದರೆ ವೇದಿಕೆ ಆರ್ಕೆಸ್ಟ್ರಾ. ಚಿತ್ತಾಪುರದ ಕಡೆಯ ಒಂದು ಊರಿನಲ್ಲಿ ಜನರೇಟರ್ ಏರಿಳಿದು ಬೋರ್ಡ್ ಕೈಕೊಟ್ಟಿತು. ಹನ್ನೊಂದೂ ಜನ ಅದರ ಸುತ್ತ ನಿಂತು ಗುಂಡಿ ಒತ್ತುತ್ತಲೇ ಇದ್ದರು. ವೇದಿಕೆಯ ಕಡೆ ತಿರುಗಿ ನೋಡಿದವರು ಒಬ್ಬರೂ ಇಲ್ಲ. ಕೊನೆಗೆ ಊರಿನ ಹಿರಿಯರೊಬ್ಬರು ಟ್ರ್ಯಾಕ್ಟರ್ ತಂದು ಪಕ್ಕಕ್ಕೆ ನಿಲ್ಲಿಸಿ ದೀಪ ಹಾಕಿಸಿದರು. ಆ ಓರೆ ಬೆಳಕಿನಲ್ಲಿ ನಟರ ಮುಖ ನನ್ನ ಎಂಟು ಪಾರ್‌ಗಳಲ್ಲಿ ಕಂಡದ್ದಕ್ಕಿಂತ ಚೆನ್ನಾಗಿ ಕಂಡಿತು. ನಾಚಿಕೆಯಾಯಿತು, ನಿಜ. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮರುವರ್ಷ ಬೋರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಖಾಲಿ ಎಣ್ಣೆ ಡಬ್ಬಿ, ಅದರೊಳಗೆ ನೂರು ವ್ಯಾಟಿನ ಹಳೆಯ ಬಲ್ಬು, ಬೆಳಕು ಏರಿಳಿಸಲು ಫ್ಯಾನ್ ರೆಗ್ಯುಲೇಟರ್, ಉದ್ದದ ವಯರ್: ಮೂರು ವಾರ ಇಷ್ಟೇ. ಒಬ್ಬ ಕುಳಿತಿರಬೇಕು, ಇನ್ನೊಬ್ಬ ಡಬ್ಬಿ ಹಿಡಿದು ಸುತ್ತಬೇಕು, ಮೂರನೆಯವನು ಮುಖದಲ್ಲಿ ಏನು ಬದಲಾಯಿತೆಂದು ಹೇಳಬೇಕು. "ಚೆನ್ನಾಗಿದೆ" ಎಂದವನಿಗೆ ಅಂದು ಚಹಾ ಇಲ್ಲ. ಡಬ್ಬಿ ಹಿಡಿಯುವವರೆಲ್ಲ ಮೊದಲು ಅದರ ಎದುರು ಕಾಲು ಗಂಟೆ ಕುಳಿತು ನಾಟಕದ ಮಾತು ಹೇಳಬೇಕು. ಕಣ್ಣಿಗೆ ಕುಕ್ಕುವ ಬೆಳಕೆಂದರೆ ಏನೆಂದು ಅಲ್ಲಿ ತಿಳಿಯುತ್ತದೆ.

"ಮದುವೆ ಮನೆಯವರೇ ತಾನೇ ತಿರುಗುವ ಮೂವಿಂಗ್ ಹೆಡ್ ದೀಪ ಹಾಕಿಸುತ್ತಾರೆ, ನೀವು ಡಬ್ಬಿ ಹಿಡಿಸುತ್ತೀರಾ?" ಎಂದು ಒಬ್ಬ ತಂದೆ ಮಗನನ್ನು ಕರೆದುಕೊಂಡು ಹೋದರು. ಇನ್ನೂ ಮೂವರು ತಾವಾಗಿಯೇ ಬಿಟ್ಟರು. ತಿಂಗಳಿಗೆ ಐನೂರು ರೂಪಾಯಿ ಶುಲ್ಕ, ಕೊಟ್ಟವರು ಅರ್ಧ ಜನ. ಎರಡನೆಯ ವಾರ ಡಬ್ಬಿ ಕಾದು ಹೋಲ್ಡರ್ ಕರಗಿತು, ಒಬ್ಬನ ಬೆರಳು ಸುಟ್ಟಿತು. ಈಗ ಹಿಂಬದಿಗೆ ತೂತು ಕೊರೆಸಿ, ಪಿಂಗಾಣಿ ಹೋಲ್ಡರ್ ಹಾಕುತ್ತೇನೆ. ರೆಗ್ಯುಲೇಟರಿಗೆ ಎಲ್‌ಇಡಿ ಬಲ್ಬು ಹಾಕಿದರೆ ಮಿಣುಕುತ್ತದೆ. ಹಾಗಾಗಿ ಹಳೆಯ ಬಲ್ಬಿಗಾಗಿ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಗಳನ್ನೆಲ್ಲ ಅಲೆದೆ.

ನಡುವೆ ಒಂದು ಹುಚ್ಚು. ನಮ್ಮ ತಾಲೀಮಿನ ಕೋಣೆಯ ನೆಲ ಶಹಾಬಾದಿ ಕಲ್ಲಿನದು. ಒಬ್ಬ ಹುಡುಗ ನೀರಿನ ಕೊಡ ಚೆಲ್ಲಿದ. ಒದ್ದೆ ಕಲ್ಲಿನಿಂದ ಬೆಳಕು ಮೇಲಕ್ಕೆ ಚಿಮ್ಮಿ ಗದ್ದದ ಕೆಳಗಿನ ನೆರಳು ಮಾಯವಾಯಿತು. ವಯರುಗಳನ್ನೆಲ್ಲ ಎತ್ತಿ ಮೇಲೆ ಕಟ್ಟಿಸಿದ ಮೇಲೆ ನಾಲ್ಕು ದಿನ ನೆಲ ನೆನೆಸುವುದೇ ಪಾಠವಾಯಿತು. ಒಬ್ಬ ನಟ ಜಾರಿ ಬಿದ್ದ ಮೇಲೆ ನಿಲ್ಲಿಸಿದೆವು. ಉಪ್ಪುನೀರಿನಲ್ಲಿ ಕರೆಂಟ್ ಹರಿಸಿ ಬೆಳಕು ಏರಿಳಿಸುವ, ಕಂಪನಿ ನಾಟಕದವರ ಡಿಮ್ಮರ್ ಮಾಡಿ ತೋರಿಸಿ ಎಂದೂ ಹುಡುಗರು ಕಾಡಿದರು. ಅದಕ್ಕೆ ಮಾತ್ರ ಖಡಾಖಂಡಿತವಾಗಿ ಇಲ್ಲ ಎಂದೆ. ಹುಡುಗರ ಜೀವ ನನಗೆ ಬೇಕು.

ನಾಲ್ಕನೆಯ ವಾರ ಬೀರು ತೆರೆದೆ. ಬೋರ್ಡ್ ಕಲಿಯಲು ಅವರಿಗೆ ಎರಡು ದಿನ ಸಾಕಾಯಿತು. ಎಂಟು ಪಾರ್ ಇದ್ದರೂ ಐದೇ ಕಟ್ಟಿದರು. ಉಳಿದ ಮೂರು ಮಾರಿದೆ, ಅರ್ಧ ಬೆಲೆಗೆ. ಈಗ ಹೊರಗಿನ ತಂಡಗಳು ಕರೆದರೆ ಒಬ್ಬೊಬ್ಬರಿಗೆ ಒಂದು ಪ್ರದರ್ಶನಕ್ಕೆ ಏಳೆಂಟು ನೂರು ಸಿಗುತ್ತದೆ. ಪೂರ್ತಿ ಕತ್ತಲಾಗುವ ಮುಂಚೆ ಜೇವರ್ಗಿಯ ಹುಡುಗಿ ಒಂದು ಸಣ್ಣ ಕೈಚಳಕ ಮಾಡುತ್ತಾಳೆ, ಸಭೆ ಉಸಿರು ಹಿಡಿಯುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಡಬ್ಬಿ ಹಿಡಿದವರಿಗೆ ಮಾತ್ರ.

ಈ ಬಾರಿ ಒಂಬತ್ತು ಜನ ಸೇರಿದ್ದಾರೆ. ಡಬ್ಬಿಗಳಿಗೆ ತೂತು ಕೊರೆಸುವ ಉಸ್ತುವಾರಿ ಅವಳದೇ. "ಮೂರು ವಾರ ಸಾಲದು ಸರ್, ಐದು ಮಾಡೋಣ" ಎನ್ನುತ್ತಾಳೆ. ನಾಲ್ಕಕ್ಕೆ ಒಪ್ಪಿದ್ದೇನೆ.