ಚಿಕ್ಕಮಗಳೂರಿನ ಮಳೆಯಲ್ಲಿ ಇಳಕಲ್ ಸೀರೆ

ಹೋದ ವಾರ ಮೊಮ್ಮಗಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು. "ಅಜ್ಜಿ, ನಿನ್ನ ಕಪ್ಪು ಇಳಕಲ್ ಸೀರೆ ಕೊಡ್ತೀಯಾ, ಕೈಮಗ್ಗ ದಿನಕ್ಕೆ ಆಫೀಸಿಗೆ ಉಡ್ಬೇಕು" ಅಂದಳು. ಕೈಮಗ್ಗ ದಿನ ಅಂತ 2015ರಿಂದ ಆಗಸ್ಟ್ 7ಕ್ಕೆ ಮಾಡುತ್ತಾರೆ. ನಮ್ಮ ಚಿಕ್ಕಮಗಳೂರಲ್ಲಿ ಆ ಹೊತ್ತಿಗೆ ಮಳೆ ಬಿಡುವುದೇ ಇಲ್ಲ, ಗೋಡೆ ಮುಟ್ಟಿದರೂ ಕೈ ಒದ್ದೆ. ಕೊಡುತ್ತೇನೆ ಅಂದೆ. ಆದರೆ ಹೇಗೆ ಇಟ್ಟುಕೊಳ್ಳಬೇಕು ಅಂತ ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ, ಯಾಕೆಂದರೆ ಈಗ ತುಂಬಾ ಹುಡುಗಿಯರು ಇದನ್ನು ಶರ್ಟಿನ ಮೇಲೆ ಉಡುತ್ತಾರೆ, ಸೊಂಟಕ್ಕೆ ಬೆಲ್ಟ್ ಹಾಕುತ್ತಾರೆ, ಗುಳೇದಗುಡ್ಡದ ಖಣ ತಂದು ಜಾಕೆಟ್ ಹೊಲಿಸುತ್ತಾರೆ. ನನಗೆ ಇದು ನಿಜವಾಗಲೂ ಖುಷಿ. ಉಡದೇ ಇಟ್ಟ ಸೀರೆಯೇ ಬೇಗ ಹಾಳಾಗುವುದು.

ಇದನ್ನು ನಾನು ಕಳೆದುಕೊಂಡು ಕಲಿತೆ. ನಮ್ಮನೆಯವರಿಗೆ ಹುನಗುಂದದಲ್ಲಿ ಕೆಲಸ ಇದ್ದಾಗ ಪಕ್ಕದ ಮನೆ ಅಕ್ಕ ಜೊತೆಗೆ ಬಂದು ಇಳಕಲ್ಲಿನಲ್ಲಿ ಎರಡು ಸೀರೆ ಕೊಡಿಸಿದ್ದರು. ಒಂದು ಕಪ್ಪು, ಒಂದು ದಾಳಿಂಬೆ ಬಣ್ಣ. ಕಪ್ಪು ಸೀರೆ ಉಟ್ಟೂ ಉಟ್ಟೂ ಮೆತ್ತಗಾಯಿತು. ದಾಳಿಂಬೆಯದು ಒಳ್ಳೆಯದಕ್ಕೆ ಇರಲಿ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟೆ. ಊರಿಗೆ ವಾಪಸ್ ಬಂದು ನಾಲ್ಕು ಮಳೆಗಾಲ ಕಳೆದ ಮೇಲೆ ತೆಗೆದರೆ ಮೈಯೆಲ್ಲ ಬೂಷ್ಟು, ಸೆರಗಿನ ಕೆಂಪು ಬಣ್ಣ ಬಿಳಿ ಪಟ್ಟಿಗೆ ಇಳಿದಿತ್ತು, ಮಡಿಕೆಯ ಗೆರೆಯಲ್ಲಿ ನೂಲು ಬಿಟ್ಟಿತ್ತು. ಅತ್ತುಬಿಟ್ಟೆ.

ಹಾಗಾಗಿ ಮೊದಲನೆಯದು, ಪ್ಲಾಸ್ಟಿಕ್ ಬೇಡವೇ ಬೇಡ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಬೀರುವಿನ ಮೇಲಿನ ಅರೆಯಲ್ಲಿ, ಗೋಡೆಗೆ ತಾಗದ ಹಾಗೆ ಇಡಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಿಸಿ, ಒಂದೇ ಗೆರೆಯಲ್ಲಿ ಮಡಚಿಟ್ಟರೆ ಅಲ್ಲೇ ಹರಿಯುತ್ತದೆ. ಹುಳಕ್ಕೆ ನಾನು ಲವಂಗ ಮತ್ತು ಒಣಗಿದ ಲಕ್ಕಿ ಸೊಪ್ಪನ್ನು ಚಿಕ್ಕ ಬಟ್ಟೆ ಗಂಟಿನಲ್ಲಿ ಕಟ್ಟಿ ಇಡುತ್ತೇನೆ, ವಾಸನೆ ಹೋದಾಗ ಬದಲಿಸುತ್ತೇನೆ. ಗಂಜಿ ಹಾಕಿದ ಸೀರೆಯನ್ನು ಹಾಗೇ ಒಳಗಿಡಬೇಡಿ, ಹುಳಕ್ಕೆ ಗಂಜಿ ಅಂದರೆ ಊಟ.

ತೊಳೆಯುವುದಕ್ಕೆ ಮುಂಚೆ ಈ ಸೀರೆಯ ಕಟ್ಟು ಗೊತ್ತಿರಬೇಕು. ಇದರ ಮೈಗೆ ಒಂದು ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ನೂಲು, ಸೆರಗಿಗೆ ಬೇರೆ ಹಾಸು. ಮೈ ಹತ್ತಿಯದಿದ್ದರೂ ಸೆರಗು ಕೆಂಪು ರೇಷ್ಮೆಯದಿರಬಹುದು. ಎರಡೂ ಹಾಸಿನ ನೂಲುಗಳನ್ನು ಕುಣಿಕೆ ಹಾಕಿ ಒಂದಕ್ಕೊಂದು ಸೇರಿಸುತ್ತಾರೆ, ಅದಕ್ಕೆ ತೋಪು ತೆನೆ ಅನ್ನುತ್ತಾರೆ. ಅದಕ್ಕೇ ಸೆರಗಿನ ಕೆಂಪು ಅಷ್ಟು ಗಾಢ. ಈ ತುದಿಯಿಂದ ಆ ತುದಿಯವರೆಗೂ ಒಂದೇ ಹಾಸು ಓಡಿದ್ದರೆ ಮೈ ಬಣ್ಣದ ನೂಲು ಕೆಂಪಿನ ನಡುವೆ ಇಣುಕುತ್ತದೆ. ಕೊಳ್ಳುವಾಗ ಅಂಚಿನ ಹೊಳಪು ನೋಡಿ ಮರುಳಾಗಬೇಡಿ, ಮೈ ಮುಗಿದು ಸೆರಗು ಶುರುವಾಗುವ ಜಾಗಕ್ಕೆ ಬೆರಳಾಡಿಸಿ. ಕುಣಿಕೆಯ ಸಣ್ಣ ಉಬ್ಬು ಕೈಗೆ ಸಿಗುತ್ತದೆ.

ಆ ಜಾಗವೇ ನಾಜೂಕು ಕೂಡ. ಹಿಂಡಬೇಡಿ, ಎಳೆಯಬೇಡಿ, ಅಲ್ಲಿ ಪಿನ್ನು ಚುಚ್ಚಬೇಡಿ. ಹೊಸ ಸೀರೆಯಾದರೆ ಒದ್ದೆ ಬಿಳಿ ಬಟ್ಟೆಯನ್ನು ಸೆರಗಿನ ಮೂಲೆಗೆ ಒತ್ತಿ ನೋಡಿ, ಕೆಂಪು ಹತ್ತಿದರೆ ಮೊದಲ ಸಲ ಡ್ರೈ ಕ್ಲೀನಿಂಗಿಗೆ ಕೊಡುವುದೇ ವಾಸಿ. ಉಪ್ಪು ನೀರಿಗೆ ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತಾರೆ, ನಾನು ಮಾಡಿ ನೋಡಿದ್ದೇನೆ, ನಿಲ್ಲಲಿಲ್ಲ. ಮನೆಯಲ್ಲಿ ತೊಳೆಯುವುದಾದರೆ ಸೆರಗನ್ನು ಬಕೆಟ್ಟಿನ ಹೊರಗೆ ಬಿಟ್ಟು, ಅಂಟುವಾಳದ ನೊರೆ ಹಾಕಿದ ತಣ್ಣೀರಿನಲ್ಲಿ ಮೈಯನ್ನು ಜಾಲಿಸಿ. ಆಮೇಲೆ ಸೆರಗನ್ನು ಬೇರೆ ನೀರಿನಲ್ಲಿ ಅದ್ದಿ ತಕ್ಷಣ ತೆಗೆಯಿರಿ, ನೆನೆಹಾಕಬೇಡಿ. ಒದ್ದೆ ಸೆರಗು ಮೈ ಮೇಲೆ ಬೀಳದ ಹಾಗೆ ನೆರಳಲ್ಲಿ ಉದ್ದಕ್ಕೆ ಹರಡಿ.

ಆದರೆ ಆಷಾಢದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಎರಡು ದಿನವಾದರೂ ಒಣಗಲ್ಲ, ಮುಗ್ಗಲು ವಾಸನೆ ಹಿಡಿದರೆ ಬಿಡಲ್ಲ. ಹಂಡೆ ಒಲೆ ಮೇಲಿನ ಹಗ್ಗಕ್ಕೂ ಹಾಕಬೇಡಿ, ಹೊಗೆ ಹತ್ತುತ್ತದೆ. ಉಟ್ಟು ಬಂದ ಸೀರೆಯನ್ನು ರಾತ್ರಿ ಫ್ಯಾನಿನ ಕೆಳಗೆ ಹರವಿ, ಬೆವರು ಆರಿದ ಮೇಲೆ ಮಡಚಿ. ಅಂಚಿಗೆ ಕೆಸರು ಸಿಡಿದಿದ್ದರೆ ಒಣಗಲು ಬಿಟ್ಟು ಮೆತ್ತನೆ ಬ್ರಷ್ಷಿನಲ್ಲಿ ಉದುರಿಸಿ, ಒದ್ದೆಯಲ್ಲಿ ಉಜ್ಜಿದರೆ ಕೆಮ್ಮಣ್ಣು ನೂಲಿನೊಳಗೆ ಕೂರುತ್ತದೆ. ನವರಾತ್ರಿ ಹೊತ್ತಿಗೆ ಬಿಸಿಲು ಬಂದಾಗ ಎಲ್ಲವನ್ನೂ ತೆಗೆದು ಜಗಲಿಯಲ್ಲಿ ಗಾಳಿಗೆ ಹಾಕಿ, ನೇರ ಬಿಸಿಲಿಗೆ ಬೇಡ. ಇಸ್ತ್ರಿಯನ್ನು ಸೆರಗಿನ ಹಿಂಬದಿಗೆ, ಮೇಲೊಂದು ಹತ್ತಿ ಬಟ್ಟೆ ಇಟ್ಟು ಮಾಡಿ.

ಹೊಸದನ್ನು ಕತ್ತರಿಸಿ ಕುರ್ತಾ ಹೊಲಿಸುವುದು ಮಾತ್ರ ನನಗೆ ಇಷ್ಟವಿಲ್ಲ. ಅಷ್ಟು ನೂಲನ್ನು ಒಂದೊಂದಾಗಿ ಸೇರಿಸಿದವರ ಕೈ ನೆನಪಾಗುತ್ತದೆ. ಹಳತಾಗಿ ಮೈ ಸವೆದಿದ್ದರೆ ಧಾರಾಳವಾಗಿ ಕತ್ತರಿಸಿ. ನಾನು ಆ ದಾಳಿಂಬೆ ಸೀರೆಯ ಚೆನ್ನಾಗಿದ್ದ ಭಾಗವನ್ನು ಹುನಗುಂದದ ಅಕ್ಕ ಹೇಳಿಕೊಟ್ಟ ಹಾಗೆ ಕೌದಿ ಹೊಲಿದೆ, ನಮ್ಮ ಚಳಿಗೆ ಅದಕ್ಕಿಂತ ಬೆಚ್ಚಗಿನದು ಇಲ್ಲ. ನೀವೂ ಹೊಲಿಯುವುದಾದರೆ ಸೆರಗಿನ ತುಂಡನ್ನು ಮೊದಲೇ ಎರಡು ಮೂರು ಸಲ ಬೇರೆಯಾಗಿ ತೊಳೆಯಿರಿ, ನೀರು ತಿಳಿಯಾಗಿ ಬಂದ ಮೇಲೆಯೇ ಮಿಕ್ಕ ಬಟ್ಟೆಗೆ ಸೇರಿಸಿ.